ಟಿಕೆ ಕವಚ ಕಟ್ಟುವವರಿಗೆ: ಪೆಟ್ಟಿಗೆ ಬಂದಲ್ಲಿಂದ ಒಪ್ಪಿಗೆ ಸಿಗುವವರೆಗೆ

ಕಳೆದ ತಿಂಗಳು ನನ್ನ ಸ್ಟಾರ್ಮ್‌ಟ್ರೂಪರ್ (ಸ್ಟಾರ್ ವಾರ್ಸ್ ಚಿತ್ರಗಳ ಬಿಳಿ ಕವಚದ ಸೈನಿಕ, ಬಳಗದ ಮಾತಿನಲ್ಲಿ ಟಿಕೆ) ಕವಚಕ್ಕೆ 501ನೇ ಲೀಜನ್ ಎಂಬ ವೇಷಧಾರಿಗಳ ಸಂಘದ ಒಪ್ಪಿಗೆ ದೊರೆಯಿತು. ಉತ್ತರ ಕೆರೊಲಿನಾದ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಚಳಿಗಾಲವನ್ನು ಪೂರ್ತಿಯಾಗಿ ನುಂಗಿದ ಕೆಲಸ ಅದು. ಈ ನಡುವೆ ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಮಾತ್ರವಲ್ಲದೆ ಬೆಂಗಳೂರಿನ ಕೆಲವು ಹುಡುಗರೂ ಕಿಟ್ (ಕವಚದ ಬಿಡಿಭಾಗಗಳ ಕಟ್ಟು) ಎಲ್ಲಿ ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ, ಒಪ್ಪಿಗೆಗೆ ಏನೇನು ಕೊಡಬೇಕು ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಟ್ಟರೆ ಮುಂದೆ ಈ ದಾರಿಯಲ್ಲಿ ಬರುವವರಿಗೆ ಗೊಂದಲ ಕಡಿಮೆಯಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಂಘದ ಬಗ್ಗೆ ನಾಲ್ಕು ಮಾತು. ಸ್ಟಾರ್ ವಾರ್ಸ್ ಚಿತ್ರಗಳ ಖಳಪಕ್ಷದ ವೇಷಗಳನ್ನು ತೆರೆಯ ಮೇಲೆ ಕಂಡಂತೆಯೇ ತಯಾರಿಸಿ ತೊಡುವ ಹವ್ಯಾಸಿಗಳ ಬಳಗವೇ 501ನೇ ಲೀಜನ್. ದಕ್ಷಿಣ ಕೆರೊಲಿನಾದ ಆಲ್ಬಿನ್ ಜಾನ್ಸನ್ 1997ರಲ್ಲಿ ಇದನ್ನು ಆರಂಭಿಸಿದರು. ಇಂದು ಹತ್ತಾರು ದೇಶಗಳಲ್ಲಿ ಇದರ ಗ್ಯಾರಿಸನ್‌ಗಳು, ಅಂದರೆ ಸ್ಥಳೀಯ ಘಟಕಗಳು, ಇವೆ. ಸದಸ್ಯರಾಗಲು 18 ವರ್ಷ ತುಂಬಿರಬೇಕು ಮತ್ತು ಒಪ್ಪಿಗೆ ಪಡೆದ ಸ್ವಂತ ವೇಷವೊಂದು ಇರಬೇಕು. ಲ್ಯೂಕಸ್‌ಫಿಲ್ಮ್ ಸಂಸ್ಥೆಯ ಸಮ್ಮತಿಯಿಂದ ನಡೆಯುವ ಈ ಹವ್ಯಾಸದಲ್ಲಿ ವೇಷ ತೊಟ್ಟವರು ಅದಕ್ಕಾಗಿ ಹಣ ಪಡೆಯುವಂತಿಲ್ಲ. ಆಸ್ಪತ್ರೆಯ ಮಕ್ಕಳ ಭೇಟಿ, ದೇಣಿಗೆ ಸಂಗ್ರಹದ ನಡಿಗೆ, ಗ್ರಂಥಾಲಯದ ಕಾರ್ಯಕ್ರಮ ಇಂಥವೇ ಅದರ ಜೀವಾಳ. ಸ್ಟಾರ್ಮ್‌ಟ್ರೂಪರ್‌ಗಳಿಗೆ ಟಿಕೆ, ಸ್ಕೌಟ್ ಟ್ರೂಪರ್‌ಗಳಿಗೆ ಟಿಬಿ, ಸಿತ್ ಲಾರ್ಡ್‌ಗಳಿಗೆ ಎಸ್‌ಎಲ್ ಎಂದು ವೇಷದ ಬಗೆಗೆ ತಕ್ಕಂತೆ ಅಕ್ಷರಗಳನ್ನು ಕೊಟ್ಟು, ಅದರ ಮುಂದೆ ಸದಸ್ಯನ ಸಂಖ್ಯೆಯನ್ನು ಬರೆಯುತ್ತಾರೆ.

ಒಪ್ಪಿಗೆಗೆ ಆಧಾರವಾಗಿರುವುದು ಸಿಆರ್‌ಎಲ್, ಅಂದರೆ ಕಾಸ್ಟ್ಯೂಮ್ ರೆಫರೆನ್ಸ್ ಲೈಬ್ರರಿ. ಪ್ರತಿಯೊಂದು ವೇಷದ ಪ್ರತಿಯೊಂದು ಭಾಗವೂ ಹೇಗಿರಬೇಕು ಎಂಬುದನ್ನು ಚಿತ್ರಸಹಿತ ಬರೆದಿಟ್ಟಿರುವ ಪಟ್ಟಿ ಅದು. ಸ್ಟಾರ್ಮ್‌ಟ್ರೂಪರ್ ಎಂದರೆ ಒಂದೇ ವೇಷ ಎಂದು ಹೊರಗಿನವರು ಭಾವಿಸುತ್ತಾರೆ. ಆದರೆ 1977ರ ಚಿತ್ರದ ಟ್ರೂಪರ್ ಬೇರೆ, 1980ರದು ಬೇರೆ, 1983ರದು ಬೇರೆ. ಮೊದಲ ಚಿತ್ರದಲ್ಲೇ ಹತ್ತಿರದ ದೃಶ್ಯಗಳಿಗಾಗಿ ಮಾಡಿದ ಹೀರೋ ಶಿರಸ್ತ್ರಾಣ ಬೇರೆ, ಉಳಿದವರು ತೊಟ್ಟ ಸ್ಟಂಟ್ ಶಿರಸ್ತ್ರಾಣ ಬೇರೆ. ನಾನು ಆರಿಸಿಕೊಂಡದ್ದು ಮೊದಲ ಚಿತ್ರದ ಸ್ಟಂಟ್ ಬಗೆಯನ್ನು. ಯಾವ ಬಗೆ ಎಂಬುದನ್ನು ಹಣ ಕಟ್ಟುವ ಮೊದಲೇ ತೀರ್ಮಾನಿಸಿಕೊಳ್ಳಿ, ಏಕೆಂದರೆ ಹೋಲ್‌ಸ್ಟರ್ (ಬಂದೂಕಿನ ಚೀಲ) ಯಾವ ಪಕ್ಕ, ಕೈಗವಸಿನ ಮೇಲಿನ ಫಲಕ ಹೇಗೆ, ಶಿರಸ್ತ್ರಾಣದ ನೀಲಿ ಪಟ್ಟಿಗಳನ್ನು ಕೈಯಿಂದ ಬರೆಯಬೇಕೇ ಅಥವಾ ಅಂಟಿಸಬೇಕೇ ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಮೊದಲ ದೊಡ್ಡ ಕಾಯುವಿಕೆ ಕಿಟ್‌ಗಾಗಿ. ಒಳ್ಳೆಯ ಕಿಟ್‌ಗಳನ್ನು ತಯಾರಿಸುವವರು ದೊಡ್ಡ ಕಂಪನಿಗಳಲ್ಲ; ಮನೆಯ ಹಿಂದಿನ ಶೆಡ್ಡಿನಲ್ಲಿ ವ್ಯಾಕ್ಯೂಮ್ ಫಾರ್ಮಿಂಗ್ ಯಂತ್ರ ಇಟ್ಟುಕೊಂಡ ಹವ್ಯಾಸಿಗಳು. ಬಿಸಿ ಮಾಡಿದ ಬಿಳಿ ಎಬಿಎಸ್ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿಯನ್ನು ಹೀರಿದಾಗ ಹಾಳೆ ಅಚ್ಚಿಗೆ ಅಪ್ಪಿಕೊಳ್ಳುತ್ತದೆ. 1976ರಲ್ಲಿ ಇಂಗ್ಲೆಂಡಿನಲ್ಲಿ ಮೂಲ ಕವಚಗಳನ್ನು ತಯಾರಿಸಿದ್ದೂ ಇದೇ ವಿಧಾನದಿಂದ. ಅವರ ಪಾಳಿಪಟ್ಟಿಯಲ್ಲಿ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಮತ್ತು ಈ ಅವಧಿಯಲ್ಲಿ ಅಗ್ಗದ ಆಸೆ ತೋರಿಸುವವರು ಬಹಳ ಮಂದಿ ಎದುರಾಗುತ್ತಾರೆ. ಬೇರೊಬ್ಬ ಕಸುಬುದಾರನ ಕಿಟ್ಟನ್ನೇ ಕೊಂಡು, ಅದರಿಂದ ಅಚ್ಚು ತೆಗೆದು ಮಾರುವುದನ್ನು ಇಲ್ಲಿ ರೀಕಾಸ್ಟ್ ಎನ್ನುತ್ತಾರೆ. ಹಾಗೆ ತೆಗೆದ ಪ್ರತಿಯಲ್ಲಿ ಅಂಚುಗಳು ಮೊಂಡಾಗುತ್ತವೆ, ಗೀರುಗಳು ಮಸುಕಾಗುತ್ತವೆ, ಮೂಲ ಶ್ರಮಿಕನಿಗೆ ಕಾಸೂ ಸಿಗುವುದಿಲ್ಲ. ಆದ್ದರಿಂದ ಹಣ ಕಳಿಸುವ ಮುನ್ನ ನಿಮ್ಮ ಊರಿನ ಗ್ಯಾರಿಸನ್‌ನ ಹಿರಿಯರೊಬ್ಬರನ್ನು ಕೇಳಿ, ಅಚ್ಚು ಎಲ್ಲಿಂದ ಬಂದದ್ದು ಎಂದು ವಿಚಾರಿಸಿ. ಈ ಒಂದು ವಿಚಾರಣೆಯಿಂದಲೇ ನಾನು ಒಂದು ಅಗ್ಗದ ಕಿಟ್ಟನ್ನು ಕೈಬಿಟ್ಟೆ, ಅದರ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ.

ಕೊನೆಗೊಂದು ಸಂಜೆ ಪೆಟ್ಟಿಗೆ ಬಾಗಿಲಿಗೆ ಬಂತು. ಬಳಗದಲ್ಲಿ ಇದಕ್ಕೆ ಬಿಗ್ ಬ್ರೌನ್ ಬಾಕ್ಸ್ ಎಂದು ಹೆಸರು. ಅದು ಬಂದ ದಿನ ಎಲ್ಲರೂ ಅಭಿನಂದನೆ ಹೇಳುತ್ತಾರೆ. ಒಳಗೆ ಇದ್ದದ್ದು ಒಂದರೊಳಗೊಂದು ಸೇರಿಸಿಟ್ಟ ಬಿಳಿ ಚಿಪ್ಪುಗಳು: ಎದೆ, ಬೆನ್ನು, ಹೊಟ್ಟೆ, ಸೊಂಟದ ಹಿಂಭಾಗ, ತೋಳು, ಮುಂಗೈ, ತೊಡೆ, ಮೊಣಕಾಲಿನ ಕೆಳಭಾಗ, ಕೈಕಾಲಿನವೆಲ್ಲ ಎರಡೆರಡು ಹೋಳು. ಯಾವುದರ ಮೇಲೂ ಹೆಸರಿಲ್ಲ, ಎಡಬಲದ ಗುರುತಿಲ್ಲ, ಜೊತೆಗೆ ಸೂಚನೆಯ ಹಾಳೆಯೂ ಇಲ್ಲ. ಗಾಬರಿಯಾಗುವುದು ಸಹಜ. ನನ್ನ ಹೆಂಡತಿ ಅವನ್ನೆಲ್ಲ ನೆಲದ ಮೇಲೆ ಮನುಷ್ಯನ ಆಕಾರದಲ್ಲಿ ಜೋಡಿಸಿ, "ಮೊದಲು ಇವಕ್ಕೆಲ್ಲ ಒಂದೊಂದು ಚೀಟಿ ಅಂಟಿಸಿ ಕಣ್ರೀ, ಆಮೇಲೆ ಕತ್ತರಿ ಹಿಡೀರಿ" ಎಂದಳು. ಮುಂದಿನ ತಿಂಗಳುಗಳಲ್ಲಿ ನಮ್ಮನ್ನು ಕಾಪಾಡಿದ್ದು ಆ ಚೀಟಿಗಳೇ. ಪ್ರತಿ ಹೋಳಿನ ಒಳಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹೆಸರು, ಪಕ್ಕ ಮತ್ತು ಮೇಲ್ಮುಖದ ಬಾಣದ ಗುರುತು ಬರೆದಿಡಿ.

ಕತ್ತರಿಸುವ ಮೊದಲು ಮೂಲ ಕವಚದ ಚಿತ್ರಗಳನ್ನು ಬಹಳ ದಿನ ನೋಡುತ್ತಾ ಕೂತೆ. ಎಷ್ಟು ನೋಡಿದರೂ ಸಾಲದು ಎನಿಸುವಂಥ ವಿಷಯವಿದು. ರಾಲ್ಫ್ ಮೆಕ್‌ಕ್ವಾರಿಯವರ ಕಲ್ಪನೆಯ ಚಿತ್ರಗಳಿಂದ ಹೊರಟು, ಜಾನ್ ಮೋಲೋ ಅವರ ವಸ್ತ್ರವಿನ್ಯಾಸದಲ್ಲಿ ರೂಪ ಪಡೆದು, ಶಿಲ್ಪಿ ಬ್ರಯನ್ ಮ್ಯೂರ್ ಅವರ ಕೈಯಲ್ಲಿ ಜೇಡಿಮಣ್ಣಿನ ಮಾದರಿಯಾದ ಕವಚವಿದು. ಚಿತ್ರೀಕರಣದ ಗಡುವು ತಲೆಯ ಮೇಲಿದ್ದುದರಿಂದ ಎಲ್ಲವೂ ಅವಸರದಲ್ಲಿ ನಡೆಯಿತು. ಶಿರಸ್ತ್ರಾಣದ ಎರಡು ಪಕ್ಕಗಳು ಒಂದೇ ಸಮ ಇಲ್ಲ. ಕೈಯಲ್ಲಿ ಬರೆದ ನೀಲಿ ಪಟ್ಟಿಗಳು ಒಂದು ಶಿರಸ್ತ್ರಾಣದಿಂದ ಇನ್ನೊಂದಕ್ಕೆ ಬೇರೆಬೇರೆ. ಭುಜದ ಪಟ್ಟಿಗಳನ್ನು ಹಿಡಿದಿಡುವುದು ಸಾಮಾನ್ಯ ಬಿಳಿ ಎಲಾಸ್ಟಿಕ್. ತೆರೆಗೆ ನಿಷ್ಠರಾಗಿರುವುದು ಎಂದರೆ ಈ ಕೈಗಳ ಗುರುತನ್ನೂ ಉಳಿಸಿಕೊಳ್ಳುವುದು ಎಂದು ನನಗೆ ಮನವರಿಕೆಯಾದದ್ದು ಆಗಲೇ, ಮತ್ತು ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ನಾನು ಆ ಅಳತೆಯಿಂದಲೇ ತೆಗೆದುಕೊಂಡೆ. ಎಲ್ಲವನ್ನೂ ನುಣುಪಾಗಿಸಿ, ಸಮಸಮವಾಗಿಸಿದ ಕವಚ ಕಣ್ಣಿಗೆ ಚೆಂದ ಕಂಡರೂ ಅದು ಆ ಚಿತ್ರದ ಕವಚವಲ್ಲ.

ಮೊದಲ ಗೀರು ಹಾಕುವಾಗ ಕೈ ನಡುಗಿತು. ನಮ್ಮ ಗ್ಯಾರಿಸನ್‌ನಲ್ಲಿ ಆಗಾಗ ಆರ್ಮರ್ ಪಾರ್ಟಿ ನಡೆಯುತ್ತದೆ. ಯಾರದಾದರೂ ಗ್ಯಾರೇಜಿನಲ್ಲಿ ಸೇರಿ, ಹಳಬರು ಹೊಸಬರಿಗೆ ಕೆಲಸ ಹೇಳಿಕೊಡುವ ದಿನ ಅದು. ಅಲ್ಲಿ ಒಬ್ಬ ನಿವೃತ್ತ ಬಡಗಿ, ಎಬಿಎಸ್ ಹಾಳೆಯನ್ನು ಆರಪಾರು ಕತ್ತರಿಸುವ ಅಗತ್ಯವಿಲ್ಲವೆಂದು ತೋರಿಸಿಕೊಟ್ಟರು. ಗುರುತು ಮಾಡಿದ ಗೆರೆಯುದ್ದಕ್ಕೂ ಚೂಪಾದ ಕಟ್ಟರ್‌ನಿಂದ ಹಗುರವಾಗಿ ಎರಡು ಮೂರು ಸಲ ಗೀರಿ, ನಂತರ ಹಿಂದಕ್ಕೆ ಮಡಚಿದರೆ ಅದು ಗೆರೆಯಲ್ಲೇ ಚಟ್ಟನೆ ಮುರಿಯುತ್ತದೆ. ಬಾಗಿದ ಜಾಗಗಳಿಗೆ, ಆಟಿಕೆ ಕಾರುಗಳ ಪ್ಲಾಸ್ಟಿಕ್ ಮೈಯನ್ನು ಕತ್ತರಿಸಲು ಬಳಸುವ ಸಣ್ಣ ಬಾಗಿದ ಕತ್ತರಿ ಸಾಕು. ವೇಗವಾಗಿ ತಿರುಗುವ ಡ್ರೆಮೆಲ್ ಎಂಬ ಕೈಯಂತ್ರ ಬಳಸಿದರೆ ಪ್ಲಾಸ್ಟಿಕ್ ಕರಗಿ ಅಂಚಿಗೆ ಅಂಟಿಕೊಳ್ಳುತ್ತದೆ. ಆರ್ಮರ್ ಪಾರ್ಟಿ ಹತ್ತಿರದಲ್ಲೆಲ್ಲಾದರೂ ಇದ್ದರೆ ದಯವಿಟ್ಟು ತಪ್ಪಿಸಬೇಡಿ. ನೂರು ವಿಡಿಯೊ ನೋಡಿದರೂ ಸಿಗದ್ದು ಅಲ್ಲಿ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ. ಕತ್ತರಿಸಿ ಉಳಿದ ಚೂರುಗಳನ್ನು ಎಸೆಯಬೇಡಿ ಎಂದು ಅವರು ಹೇಳಿದ ಮಾತಿನ ಬೆಲೆ ನನಗೆ ಆಮೇಲೆ ತಿಳಿಯಿತು.

ಅಸಲಿ ಕೆಲಸ ಅಳತೆಯದು. ನನ್ನ ಎತ್ತರ ಐದಡಿ ಆರಿಂಚು, ಮೈಕಟ್ಟು ಸಣ್ಣ. ಕಿಟ್‌ಗಳ ಅಳತೆ ಆರಡಿಯ ಹತ್ತಿರದ ಆಳಿಗೆ ಹೊಂದುವಂಥದು. ತೊಡೆಯ ಚಿಪ್ಪು ಇದ್ದಂತೆಯೇ ಜೋಡಿಸಿದ್ದರೆ ಅದು ನನ್ನ ಸೊಂಟದವರೆಗೆ ಬರುತ್ತಿತ್ತು. ನಮ್ಮಲ್ಲಿ ಬಹಳ ಮಂದಿಗೆ ಇದೇ ಸಮಸ್ಯೆ ಬರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೊಡೆಯನ್ನು ಗಿಡ್ಡ ಮಾಡುವಾಗ ಮೇಲ್ತುದಿಯಿಂದ ಕತ್ತರಿಸಬೇಕು, ಏಕೆಂದರೆ ಕೆಳತುದಿಯ ಏಣು ಕಣ್ಣಿಗೆ ಕಾಣುವ ವಿವರ, ಮತ್ತು ಬಲತೊಡೆಯ ಕೆಳಗೆ ಮದ್ದಿನ ಪೆಟ್ಟಿಗೆಗಳ ಪಟ್ಟಿ ಕೂರುವುದು ಅಲ್ಲೇ. ಅಗಲ ಇಳಿಸುವಾಗ ಎರಡು ಹೋಳುಗಳ ಅಂಚನ್ನೂ ಸಮವಾಗಿ ತೆಗೆಯಬೇಕು, ಇಲ್ಲವಾದರೆ ಮುಂದಿನ ಮಧ್ಯದ ಕೀಲು ವಾರೆಯಾಗುತ್ತದೆ. ಮೊದಲ ಚಿತ್ರದ ಕವಚದಲ್ಲಿ ಹೋಳುಗಳು ಒಂದರ ಮೇಲೊಂದು ಏರುವುದಿಲ್ಲ. ಅಂಚಿಗೆ ಅಂಚು ತಾಗಿಸಿ, ಮೇಲೆ ಬಿಳಿ ಪಟ್ಟಿಯೊಂದನ್ನು ಅಂಟಿಸಿ ಮುಚ್ಚುತ್ತಾರೆ. ಕೈಗಳಿಗೆ 15 ಮಿಲಿಮೀಟರ್, ಕಾಲಿನ ಮುಂಭಾಗಕ್ಕೆ 20 ಮಿಲಿಮೀಟರ್ ಅಗಲದ ಪಟ್ಟಿ ರೂಢಿ. ಪ್ರತಿಯೊಂದು ಹೋಳನ್ನೂ ಕಪ್ಪು ಒಳಉಡುಪು ಹಾಕಿಕೊಂಡೇ, ಟೇಪಿನಿಂದ ಸುತ್ತಿ, ಕನ್ನಡಿಯ ಮುಂದೆ ನಡೆದು ನೋಡಿದ ನಂತರವೇ ಅಂಟು ಮುಟ್ಟಿದೆ. ಜೀನ್ಸ್ ಹಾಕಿಕೊಂಡು ಅಳತೆ ನೋಡಿದರೆ ಲೆಕ್ಕ ತಪ್ಪುತ್ತದೆ.

ಅಂಟು ಎಂದರೆ ಇ6000. ಇದು ನಿಧಾನವಾಗಿ ಗಟ್ಟಿಯಾಗುತ್ತದೆ. ಪೂರ್ತಿ ಬಿಗಿಯಲು 24ರಿಂದ 72 ಗಂಟೆ ಬೇಕು. ಆದರೆ ಅದರ ದೊಡ್ಡ ಗುಣವೆಂದರೆ, ಸರಿಹೋಗದಿದ್ದರೆ ಪ್ಲಾಸ್ಟಿಕ್‌ಗೆ ಗಾಯವಾಗದಂತೆ ಎಳೆದು ಬಿಡಿಸಬಹುದು. ಒಂದು ಪಟ್ಟಿ ಅಂಟಿಸಿ, ಕ್ಲಾಂಪ್ ಮತ್ತು ಅಯಸ್ಕಾಂತಗಳನ್ನು ಸಾಲಾಗಿ ಕೂರಿಸಿ, ಮರುದಿನ ಅವನ್ನು ತೆಗೆದು, ಇನ್ನೊಂದು ಪಕ್ಕ ಅಂಟಿಸಿ ಮತ್ತೆ ಕಾಯಬೇಕು. ಡಿಸೆಂಬರಿನ ಚಳಿಯಲ್ಲಿ ಗ್ಯಾರೇಜ್ ತಣ್ಣಗಿದ್ದುದರಿಂದ ಅದು ಇನ್ನೂ ತಡವಾಗುತ್ತಿತ್ತು. ವಾಸನೆ ತೀಕ್ಷ್ಣವಾಗಿರುವುದರಿಂದ ಮನೆಯೊಳಗೆ ತರುವಂತೆಯೂ ಇರಲಿಲ್ಲ. ಬಾಗಿಲು ಅರೆ ತೆರೆದು, ಫ್ಯಾನ್ ಹಾಕಿ, ಕೈಗವಸು ತೊಟ್ಟು ಕೆಲಸ ಮಾಡಬೇಕು. ಈ ದಿನಗಳಲ್ಲಿ ಬೇಸರ ಬರುತ್ತದೆ. ಸಂಜೆಗೆ ಒಂದೇ ಒಂದು ಪಟ್ಟಿ ಎಂದು ಮನಸ್ಸನ್ನು ಒಪ್ಪಿಸಿಕೊಂಡವರು ಮಾತ್ರ ಇದನ್ನು ದಾಟುತ್ತಾರೆ.

ಅನಿರೀಕ್ಷಿತ ಪೆಟ್ಟು ಬಿದ್ದದ್ದು ಹೊಟ್ಟೆಯ ಚಿಪ್ಪಿಗೆ. ವ್ಯಾಕ್ಯೂಮ್ ಫಾರ್ಮಿಂಗ್‌ನಲ್ಲಿ ಹಾಳೆ ಹೆಚ್ಚು ಹಿಗ್ಗಿದ ಕಡೆ ತೆಳುವಾಗುತ್ತದೆ; ಕೆಳಹೊಟ್ಟೆಯ ತುದಿ ಅಂಥ ಜಾಗ. ಚಳಿಯಲ್ಲಿ ಮೊದಲೇ ಬಿರುಸಾಗಿದ್ದ ಆ ತುದಿಯಲ್ಲಿ ಒಂದು ಮುಂಜಾನೆ ಬೆರಳುದ್ದದ ಬಿರುಕು ಕಂಡಿತು. ಹೊಸ ಭಾಗ ತರಿಸುವುದಾದರೆ ಮತ್ತೆ ಪಾಳಿ. ಆಗ ಕೈಹಿಡಿದದ್ದು ಎಸೆಯದೆ ಇಟ್ಟ ಚೂರುಗಳು. ಅದೇ ಕಿಟ್ಟಿನ ಚೂರುಗಳನ್ನು ಗಾಜಿನ ಸೀಸೆಯಲ್ಲಿ ಅಸಿಟೋನಿನಲ್ಲಿ ನೆನೆಸಿಟ್ಟರೆ ಮರುದಿನಕ್ಕೆ ಕರಗಿ ಬಿಳಿಯ ಗಟ್ಟಿ ಪೇಸ್ಟ್ ಆಗುತ್ತದೆ, ಬಣ್ಣವೂ ತಾನಾಗಿಯೇ ಹೊಂದುತ್ತದೆ. ಒಳಗಿನಿಂದ ಎಬಿಎಸ್ ತುಂಡೊಂದನ್ನು ಗಟ್ಟಿತನಕ್ಕಾಗಿ ಅಂಟಿಸಿ, ಹೊರಗಿನಿಂದ ಪೇಸ್ಟ್ ತುಂಬಿ, ಒಣಗಿದ ಮೇಲೆ ನೀರು ಹಾಕಿ ನಯವಾದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಹೊಳಪು ಕೊಟ್ಟೆ. ಈಗ ಬೆಳಕಿಗೆ ಹಿಡಿದರೂ ಅದು ಕಾಣುವುದಿಲ್ಲ. ಅಸಿಟೋನನ್ನು ಕವಚದ ಮೇಲೆ ನೇರವಾಗಿ ಮಾತ್ರ ಬೀಳಿಸಬೇಡಿ, ಮೇಲ್ಮೈ ಕರಗುತ್ತದೆ.

ಶಿರಸ್ತ್ರಾಣವನ್ನು ಕೊನೆಗೆ ಇಟ್ಟುಕೊಂಡಿದ್ದೆ, ಕೈ ಪಳಗಲಿ ಎಂದು. ಮುಖದ ಹೋಳು, ನೆತ್ತಿ ಮತ್ತು ಹಿಂಭಾಗ ಸೇರಿದ ಹೋಳು, ಎರಡನ್ನೂ ಕೂಡಿಸುವ ಕಡೆ ಮುಚ್ಚುವ ಕಿವಿಗಳು. ಇಡೀ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಈ ಕಿವಿ. ಶಿರಸ್ತ್ರಾಣದ ಪಕ್ಕ ನೆತ್ತಿಯಿಂದ ಕೆನ್ನೆಯ ಕಡೆಗೆ ಇಳಿಯುವಾಗ ಮೂರು ಕಡೆ ಬಾಗುತ್ತದೆ, ಕಿವಿಯ ಅಂಚು ಆ ಮೂರು ಬಾಗಿಗೂ ಅಂಟಿಕೊಂಡಂತೆ ಕೂರಬೇಕು. ಪೆನ್ಸಿಲಿನಿಂದ ಗುರುತು ಮಾಡಿ, ಸ್ಯಾಂಡ್‌ಪೇಪರ್‌ನಿಂದ ಎರಡು ಸಲ ಉಜ್ಜಿ, ಇಟ್ಟು ನೋಡಿ, ಹಿಂದಿನಿಂದ ಟಾರ್ಚ್ ಹಿಡಿದು ಬೆಳಕು ಎಲ್ಲಿ ಸೋರುತ್ತದೆ ಎಂದು ಪರೀಕ್ಷಿಸಿ, ಮತ್ತೆ ಎರಡು ಸಲ ಉಜ್ಜುತ್ತಿದ್ದೆ. ಒಂದೊಂದು ಕಿವಿಗೆ ಒಂದೊಂದು ವಾರಾಂತ್ಯ ಹಿಡಿಯಿತು. ಬಣ್ಣಕ್ಕೆ ಬಳಗದವರೆಲ್ಲ ನಂಬಿರುವುದು ಹಂಬ್ರೋಲ್ ಎನಾಮಲ್‌ಗಳನ್ನು: ಕೆನ್ನೆಯ ನೀಲಿ ಪಟ್ಟಿಗಳಿಗೆ 14ನೇ ಸಂಖ್ಯೆಯ ಫ್ರೆಂಚ್ ಬ್ಲೂ, ಬೂದು ಭಾಗಗಳಿಗೆ 5ನೇ ಸಂಖ್ಯೆ, ಕಪ್ಪಿಗೆ 85. ಪಟ್ಟಿಗಳನ್ನು ತೆಳು ಕುಂಚದಿಂದ ಕೈಯಲ್ಲೇ ಎಳೆದೆ. ಒಂದು ಪಟ್ಟಿಯ ತುದಿ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿ ನಿಂತಿದೆ. 1976ರ ಶಿರಸ್ತ್ರಾಣಗಳಲ್ಲೂ ಹಾಗೆಯೇ ಇರುವುದರಿಂದ ಅದನ್ನು ಹಾಗೇ ಬಿಟ್ಟಿದ್ದೇನೆ, ಮತ್ತು ಇಡೀ ಕವಚದಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದೇ.

ಖರ್ಚಿನ ವಿಷಯ. ಕಿಟ್‌ಗೆ ಸಾಗಣೆಯೂ ಸೇರಿ ಸುಮಾರು 800 ಡಾಲರ್ ಆಯಿತು. ಬಿಳಿ ಚರ್ಮದ ಗಿಡ್ಡ ಬೂಟು, ಕಪ್ಪು ಒಳಉಡುಪು, ಕತ್ತಿನ ಪಟ್ಟಿ, ರಬ್ಬರ್ ಕೈಗವಸು, ಬಟ್ಟೆಯ ಬೆಲ್ಟ್ ಮತ್ತು ಹೋಲ್‌ಸ್ಟರ್ ಸೇರಿ 300ರ ಆಸುಪಾಸು. ಟ್ರೂಪರ್‌ನ ಕೈಯ ಬಂದೂಕಾದ ಇ11 ಬ್ಲಾಸ್ಟರ್ ಬ್ರಿಟಿಷ್ ಸ್ಟರ್ಲಿಂಗ್ ಬಂದೂಕನ್ನು ಆಧರಿಸಿದ್ದು. ನಾನು ತ್ರೀಡಿ ಪ್ರಿಂಟ್ ಮಾಡಿಸಿ ಬಣ್ಣ ಹಚ್ಚಿದ್ದರಿಂದ 150ರಲ್ಲಿ ಮುಗಿಯಿತು. ಅಂಟು, ಕ್ಲಾಂಪ್, ಟಿಚ್ ಬಟನ್, ಎಲಾಸ್ಟಿಕ್, ಶಿರಸ್ತ್ರಾಣದೊಳಗಿನ ಪುಟ್ಟ ಫ್ಯಾನ್‌ಗಳು ಎಂದು ಸಣ್ಣಪುಟ್ಟವುಗಳೇ 200 ಡಾಲರ್ ದಾಟಿದವು. ಬೆಂಗಳೂರಿಗೆ ತರಿಸುವವರು ಸಾಗಣೆ ಮತ್ತು ಸುಂಕವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ವಿಮಾನದಲ್ಲಿ ಒಯ್ಯುವುದಿದ್ದರೆ ಬ್ಲಾಸ್ಟರ್ ಚೆಕ್-ಇನ್ ಸಾಮಾನಿನಲ್ಲೇ ಹೋಗಬೇಕು; ಬಂದೂಕಿನ ಪ್ರತಿಕೃತಿಯನ್ನು ಅಮೆರಿಕದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ.

ತುಂಡುಗಳು ಸಿದ್ಧವಾದವೆಂದರೆ ವೇಷ ಸಿದ್ಧವಾಯಿತು ಎಂದಲ್ಲ. ಚಿಪ್ಪುಗಳ ಒಳಗೆ ಟಿಚ್ ಬಟನ್ ಹಾಕಿದ ನೈಲಾನ್ ಪಟ್ಟಿಗಳನ್ನು ಅಂಟಿಸಿ, ಎಲಾಸ್ಟಿಕ್‌ನಿಂದ ಒಂದಕ್ಕೊಂದು ತೂಗುಹಾಕಬೇಕು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವಾಗ ಯಾವುದರ ನಂತರ ಯಾವುದು ಎಂಬ ಕ್ರಮ ತಪ್ಪಿದರೆ ಮತ್ತೆ ಎಲ್ಲ ಬಿಚ್ಚಬೇಕಾಗುವ ಹಾಗೆ ಇಲ್ಲಿಯೂ ಕ್ರಮವೇ ಮುಖ್ಯ. ಮೊದಲು ಬೂಟು, ಆಮೇಲೆ ಮೊಣಕಾಲಿನ ಕೆಳಗಿನ ಚಿಪ್ಪು, ತೊಡೆ, ಹೊಟ್ಟೆ, ಎದೆ, ಬೆನ್ನು, ಕೈಗಳು, ಕೊನೆಗೆ ಬೆಲ್ಟ್. ಎದೆಯ ಚಿಪ್ಪು ಹಾಕಿಕೊಂಡ ಮೇಲೆ ಬಗ್ಗಿ ಬೂಟು ಹಾಕಲು ಸಾಧ್ಯವೇ ಇಲ್ಲ. ಸಹಾಯಕ್ಕೆ ಒಬ್ಬರು ಬೇಕು. ನನಗೆ ನನ್ನ ಹೆಂಡತಿಯೇ ಆ ನೆರವು.

ಅರ್ಜಿಯ ಹಂತದಲ್ಲಿ ಬೇಕಾಗುವುದು ಮುಖ್ಯವಾಗಿ ಚಿತ್ರಗಳು: ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ, ಶಿರಸ್ತ್ರಾಣ ತೆಗೆದು ಮುಖ ಕಾಣುವಂತೆ, ಜೊತೆಗೆ ಹತ್ತಿರದಿಂದ ತೆಗೆದ ವಿವರಗಳು. ಬಿಳಿ ಕವಚಕ್ಕೆ ಬಿಳಿ ಗೋಡೆಯ ಹಿನ್ನೆಲೆ ಬೇಡ, ಅಂಚುಗಳೇ ಕಾಣುವುದಿಲ್ಲ. ಮೋಡದ ದಿನ ಅಂಗಳದಲ್ಲಿ ತೆಗೆದ ಚಿತ್ರಗಳು ನಮಗೆ ಚೆನ್ನಾಗಿ ಬಂದವು. ಇವನ್ನು ಪರಿಶೀಲಿಸುವವರು ಗ್ಯಾರಿಸನ್‌ನ ಜಿಎಂಎಲ್, ಅಂದರೆ ಸದಸ್ಯತ್ವ ನೋಡಿಕೊಳ್ಳುವ ಗ್ಯಾರಿಸನ್ ಮೆಂಬರ್‌ಶಿಪ್ ಲಿಯೇಸನ್; ಅವರೂ ನಮ್ಮಂತೆ ಉದ್ಯೋಗ ಮಾಡಿಕೊಂಡು ಬಿಡುವಿನಲ್ಲಿ ಈ ಸೇವೆ ಮಾಡುವವರು. ವಾರ ಕಳೆದು ಬಂದ ಉತ್ತರದಲ್ಲಿ ಎರಡು ಮಾತಿದ್ದವು. ಬೆಲ್ಟಿನ ಎರಡು ತುದಿಯಲ್ಲಿ ತೂಗುವ ಪುಟ್ಟ ಪೆಟ್ಟಿಗೆಗಳು ಪ್ಲಾಸ್ಟಿಕ್ ಪಟ್ಟಿಯ ತುದಿಗೆ ನೇರವಾಗಿ ಹೊಂದಬೇಕು. ಪಕ್ಕದಲ್ಲಿ ಹೊಟ್ಟೆಯ ಚಿಪ್ಪಿಗೂ ಸೊಂಟದ ಚಿಪ್ಪಿಗೂ ನಡುವೆ ಕಾಣುವ ಸಂದು ಮುಚ್ಚಬೇಕು, ಅದನ್ನು ಕೈ ಎತ್ತಿದ ಚಿತ್ರದಲ್ಲಿ ತೋರಿಸಬೇಕು. ಓದಿದ ಸಂಜೆ ಮನಸ್ಸು ಕುಗ್ಗಿದ್ದು ನಿಜ. ಆದರೆ ಮರುದಿನ ಚಿತ್ರವನ್ನು ಸಿಆರ್‌ಎಲ್ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಮಾತು ನ್ಯಾಯವೆನಿಸಿತು. ಸಂದು ಮುಚ್ಚಲು ಎಲಾಸ್ಟಿಕ್ಕನ್ನು ಬಿಗಿಗೊಳಿಸಿದ್ದೇ ಸಾಕಾಯಿತು. ಹೊಸ ಚಿತ್ರ ಕಳಿಸಿದ ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು, ಖಾಲಿ ಇದ್ದ ಸಂಖ್ಯೆಗಳಲ್ಲಿ ನಾನು ಕೇಳಿದ್ದೇ ಸಿಕ್ಕಿತು.

ಒಪ್ಪಿಗೆ ಇಷ್ಟು ಕಟ್ಟುನಿಟ್ಟು ಏಕೆ ಎಂದು ಹಲವರು ಕೇಳುತ್ತಾರೆ. ನನ್ನ ಮೊದಲ ಟ್ರೂಪ್ (ವೇಷ ತೊಟ್ಟು ಹೋಗುವ ಕಾರ್ಯಕ್ರಮ) ಮಕ್ಕಳ ಆಸ್ಪತ್ರೆಯೊಂದರ ನೆರವಿಗಾಗಿ ನಡೆದ ನಡಿಗೆ. ಅಲ್ಲಿ ಎಂಟು ವರ್ಷದ ಹುಡುಗನೊಬ್ಬ ಹತ್ತಿರ ಬಂದು, ನನ್ನ ಎಡ ಮೊಣಕಾಲಿನ ಮೇಲಿರುವ ಚೌಕನೆಯ ಫಲಕವನ್ನು ಮುಟ್ಟಿ, ಅದು ಎಡಗಾಲಿಗೆ ಮಾತ್ರ ಇರುತ್ತದೆಂದು ತನ್ನ ತಾಯಿಗೆ ವಿವರಿಸಿದ. ಮಕ್ಕಳು ಅಷ್ಟು ಗಮನಿಸುತ್ತಾರೆ, ಅವರ ನಂಬಿಕೆಗೆ ತಕ್ಕ ಕೆಲಸ ನಾವು ಮಾಡಲೇಬೇಕು.

ಮೊದಲ ಟ್ರೂಪ್‌ಗೆ ಹೋಗುವವರು ತಿಳಿದಿರಬೇಕಾದ್ದು ಇಷ್ಟು. ಹಸಿರು ಗಾಜಿನೊಳಗಿನಿಂದ ನಮ್ಮ ಪಾದ ಕಾಣುವುದಿಲ್ಲ, ಸೊಂಟದ ಮಟ್ಟದ ಮಕ್ಕಳು ಅಡ್ಡ ಬಂದರೂ ತಿಳಿಯುವುದಿಲ್ಲ; ಆದ್ದರಿಂದ ಹ್ಯಾಂಡ್ಲರ್ ಎಂದು ಸಾದಾ ಉಡುಪಿನ ಒಬ್ಬರು ಪಕ್ಕದಲ್ಲೇ ಇರುತ್ತಾರೆ. ಅವರು ಹೇಳಿದಂತೆ ನಡೆಯಿರಿ. ಕುಳಿತುಕೊಳ್ಳುವುದು ಅಸಾಧ್ಯವೇ ಎನ್ನಬಹುದು, ಮೈ ಬೆವರಿನಿಂದ ತೊಯ್ದು ಹೋಗುತ್ತದೆ. ಹಿಂದಿನ ರಾತ್ರಿಯಿಂದಲೇ ಚೆನ್ನಾಗಿ ನೀರು ಕುಡಿದಿರಿ, ಗಂಟೆಗೊಮ್ಮೆ ಶಿರಸ್ತ್ರಾಣ ತೆಗೆಯಲು ಜನರ ಕಣ್ಣಿಗೆ ಬೀಳದ ಕೋಣೆ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ. ಟಿಚ್ ಬಟನ್, ಇ6000, ಬಿಳಿ ಟೇಪ್ ಮತ್ತು ಸಣ್ಣ ಸ್ಕ್ರೂಡ್ರೈವರ್ ಇರುವ ಚೀಲ ಜೊತೆಗಿರಲಿ. ಮನೆಗೆ ಮರಳುವಾಗ ಬೇಸಿಗೆಯ ಬಿಸಿಲಲ್ಲಿ ಕಾರಿನೊಳಗೆ ಕವಚವನ್ನು ಬಿಟ್ಟು ಊಟಕ್ಕೆ ಹೋಗಬೇಡಿ, ಎಬಿಎಸ್ ಸೊಟ್ಟಗಾಗುತ್ತದೆ. ಒಪ್ಪಿಗೆಯ ಮೇಲೆ ಎಕ್ಸ್‌ಪರ್ಟ್ ಇನ್‌ಫಿಲ್ಟ್ರೇಟರ್ ಮತ್ತು ಸೆಂಚುರಿಯನ್ ಎಂಬ ಇನ್ನೂ ಎರಡು ಐಚ್ಛಿಕ ಹಂತಗಳಿವೆ. ಅವಕ್ಕೆ ಬೇಕಾದ ಎಡಪಕ್ಕದ ಸೀಳು ರಿವೆಟ್‌ಗಳನ್ನು ತರಿಸಿಟ್ಟಿದ್ದೇನೆ. ಆ ಕೆಲಸ ಮುಗಿದ ಮೇಲೆ ಅದನ್ನೂ ಬರೆಯುತ್ತೇನೆ.